ಶೈತ್ಯದಿಂದ ಮಿದುಳಿನ ರಕ್ಷಣೆ

ದೇಹದ ಅವಯವಗಳಲ್ಲಿ ಪ್ರಾಣವಾಯುವಿನ ಅಭಾವವನ್ನು ಸಹಿಸುವ ಶಕ್ತಿಯು ಮಿದುಳಿಗೆ ಅತ್ಯಲ್ಪವಾದುದು. ಶಸ್ತ್ರಚಿಕಿತ್ಸೆಯ ಕಾಲದಲ್ಲಾಗಲಿ ತದನಂತರವಾಗಲಿ ಹೃದಯವು ನಿಂತರೆ, ಕೆಲವೇ ನಿಮಿಷಗಳಲ್ಲಿ ಮಿದುಳಿನ ಜೀವಕೋಶಗಳು ಕೆಡತೊಡಗುವುವು. ಹೃದಯವು ಮತ್ತೆ ಮಿಡಿದರೂ ಪ್ರಜ್ಞೆಯು ಮರಳದಿರುವುದುಂಟು. ಇದಕ್ಕೆ ಶೈತ್ಯವು ಪರಿಹಾರವಾದೀತೇ ಎಂಬ ವಿಚಾರದಲ್ಲಿ ಎರಡು ಪ್ರಶ್ನೆಗಳು ಬೆರೆತುಹೋಗಿವೆ: ಅಭಾವಕ್ಕೆ ಮುಂಚೆ ತಣಿಸುವುದು ಒಂದು, ಅಭಾವವಾದ ಮೇಲೆ ತಣಿಸುವುದು ಇನ್ನೊಂದು.

ಮೊದಲನೆಯದು ಬೇಗನೆ ಸಿದ್ಧವಾಯಿತು. ದೇಹವು ತಣಿದಷ್ಟೂ ಮಿದುಳಿಗೆ ಬೇಕಾದ ಪ್ರಾಣವಾಯುವಿನ ಪ್ರಮಾಣವು ಕುಗ್ಗುವುದು. ಟೊರಾಂಟೋದ ಬಿಗೆಲೋ ಎಂಬ ವೈದ್ಯರು ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳನ್ನು 1950ರಲ್ಲಿ ಪ್ರಕಟಿಸಿದರು. 1952ರಲ್ಲಿ ಮಿನೆಸೋಟದ ಲೂಯಿಸ್ ಎಂಬವರು ಐದು ವರ್ಷದ ಬಾಲಿಕೆಯ ದೇಹವನ್ನು ಸುಮಾರು 28 ಡಿಗ್ರಿ ಸೆಂಟಿಗ್ರೇಡಿಗೆ ಇಳಿಸಿ, ಹೃದಯಕ್ಕೆ ರಕ್ತ ಬರುವುದನ್ನು ಐದೂವರೆ ನಿಮಿಷಗಳ ಕಾಲ ತಡೆದು, ಅದರೊಳಗಿನ ರಂಧ್ರವನ್ನು ಮುಚ್ಚಿದರು.

ಈ ಜಯದಿಂದಲೇ ಎರಡನೆಯ ಪ್ರಶ್ನೆಗೂ ಧೈರ್ಯ ಬಂದಿತು. 1958ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ವಿಲಿಯಮ್ಸ್ ಮತ್ತು ಸ್ಪೆನ್ಸರ್ ಎಂಬವರು ಹೃದಯಸ್ತಂಭನದ ತರುವಾಯ ತಣಿಸಲ್ಪಟ್ಟ ನಾಲ್ವರ ವೃತ್ತಾಂತವನ್ನು ಬರೆದರು. ಮರುವರ್ಷದ ವರದಿಯಲ್ಲಿ ತಣಿಸಿದ 12 ಮಂದಿಯಲ್ಲಿ 6 ಮಂದಿಯೂ ತಣಿಸದ 7 ಮಂದಿಯಲ್ಲಿ ಒಬ್ಬರೂ ಬದುಕಿದರೆಂದಿತ್ತು. ಸಂಖ್ಯೆಯು ಅಲ್ಪ, ತಾರತಮ್ಯವು ಬಹಳ. ಆದರೆ ಅತಿಶೈತ್ಯದಿಂದ ಹೃದಯದ ಗತಿಯು ಕೆಡುವುದೂ ಸೋಂಕು ತಗಲುವುದೂ ಕಂಡುಬಂದುದರಿಂದ ಈ ಚಿಕಿತ್ಸೆಯು ಕ್ರಮೇಣ ಹಿಂದೆ ಬಿದ್ದಿತು.

ಮಿತವಾದ ಶೈತ್ಯವೂ ಸಾಕೆಂಬುದನ್ನು 1987ರಲ್ಲಿ ಮಯಾಮಿಯಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗಗಳು ಸೂಚಿಸಿದುವು. 2002ರಲ್ಲಿ ಯೂರೋಪಿನ ಪರೀಕ್ಷೆಯೊಂದರಲ್ಲಿ, 32ರಿಂದ 34 ಡಿಗ್ರಿಯಲ್ಲಿ 24 ಗಂಟೆ ಇರಿಸಿದವರಲ್ಲಿ ಶೇಕಡಾ 55 ಮಂದಿಗೂ ಉಳಿದವರಲ್ಲಿ ಶೇಕಡಾ 39 ಮಂದಿಗೂ ಮಿದುಳಿನ ಸ್ಥಿತಿಯು ತೃಪ್ತಿಕರವಾಗಿದ್ದಿತು. ಮೆಲ್ಬರ್ನಿನ ಪರೀಕ್ಷೆಯೂ ಅದೇ ವರ್ಷ ಇದನ್ನು ಸಮರ್ಥಿಸಿತು. ಶೈತ್ಯಚಿಕಿತ್ಸೆಯು ಅನೇಕ ದೇಶಗಳಲ್ಲಿ ವಿಧಿಯಾಯಿತು.

ಆದರೆ ಯೂರೋಪಿನಲ್ಲಿ ತಣಿಸದೆ ಬಿಟ್ಟವರ ದೇಹೋಷ್ಣವು ಸಹಜಕ್ಕಿಂತ ಮೇಲೇರಿದ್ದಿತು. ಹಾಗಾದರೆ ಗುಣವು ಶೈತ್ಯದ್ದೋ, ಜ್ವರದ ನಿವಾರಣೆಯದೋ? 2013ರಲ್ಲಿ 33 ಮತ್ತು 36 ಡಿಗ್ರಿಗಳಿಗೆ ಭೇದ ಕಾಣಲಿಲ್ಲ. 2021ರಲ್ಲಿ ಸುಮಾರು 1,850 ರೋಗಿಗಳಲ್ಲಿ 33 ಡಿಗ್ರಿಗೆ ಇಳಿಸಿದವರಿಗೂ ಕೇವಲ ಜ್ವರವನ್ನು ತಡೆದವರಿಗೂ ಆರು ತಿಂಗಳ ಮರಣಪ್ರಮಾಣವು ಹೆಚ್ಚುಕಡಿಮೆ ಒಂದೇ ಆಯಿತು. ಇವರೆಲ್ಲರೂ ಆಸ್ಪತ್ರೆಯ ಹೊರಗೆ ಹೃದಯ ನಿಂತವರು. ಆಸ್ಪತ್ರೆಯೊಳಗೆ ಹೃದಯ ನಿಂತವರ ವಿಷಯದಲ್ಲಿಯೂ 2022ರಲ್ಲಿ ಪ್ರಕಟವಾದ ಜರ್ಮನಿಯ ಪರೀಕ್ಷೆಯು ಶೈತ್ಯದಿಂದ ಲಾಭವನ್ನು ಕಾಣಲಿಲ್ಲ.

ಇಷ್ಟರಿಂದ ವಿದಿತವಾಗುವುದೇನೆಂದರೆ, ಮುಂಚಿತವಾಗಿ ಕೊಟ್ಟ ಶೈತ್ಯದ ಸಾಕ್ಷ್ಯವು ತರುವಾಯ ಕೊಡುವ ಶೈತ್ಯಕ್ಕೆ ಸಾಕ್ಷ್ಯವಾಗಲಾರದು. ಹೃದಯದ ಕೆಲವು ದೊಡ್ಡ ಶಸ್ತ್ರಚಿಕಿತ್ಸೆಗಳಲ್ಲಿ ಮೊದಲನೆಯದು ಇಂದಿಗೂ ನಿಂತಿದೆ. ಎರಡನೆಯದರಲ್ಲಿ ಸ್ಥಿರವಾಗಿ ಉಳಿದುದು, ಪ್ರಜ್ಞೆ ಮರಳದ ರೋಗಿಗೆ ಜ್ವರವೇರದಂತೆ ಕಾಯಬೇಕೆಂಬ ಸರಳ ನಿಯಮವು.