ಬೇಲಿಯೊಳಗಿನ ಸುಧಾರಣೆ

1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿ, ಗದಗ, ಕೊಪ್ಪಳ, ಹೊಸಪೇಟೆಗಳನ್ನು ಒಂದೇ ಹಳಿಗೆ ಪೋಣಿಸಿತು. ಅಲ್ಲಿಯವರೆಗೆ ಈ ಸೀಮೆಯಲ್ಲಿ ಉಪ್ಪು, ದವಸಗಳನ್ನು ಊರಿಂದೂರಿಗೆ ಹೊತ್ತು ತರುತ್ತಿದ್ದವು ಲಂಬಾಣಿಗರ ಹೇರೆತ್ತುಗಳು, ಕೊರಚರ ಕತ್ತೆಗಳು. ರೈಲು ಬಂದಿತು, ಉಪ್ಪಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾಯಿತು, ಅಡವಿಗೆ ಅರಣ್ಯ ಕಾನೂನಿನ ಕಾವಲು ಬಿತ್ತು. ತಲೆಮಾರುಗಳಿಂದ ದಾರಿಯನ್ನೇ ನಂಬಿದ್ದವರ ಕಸುಬು ಕೈತಪ್ಪಿತು. ಕಸುಬಿಲ್ಲದೆ ಅಲೆಯುವವರನ್ನು ಕಂಡರೆ ಪೊಲೀಸರಿಗೆ ಅನುಮಾನ.

ಆ ಅನುಮಾನಕ್ಕೆ ಕಾನೂನಿನ ಬಲವೂ ಇತ್ತು. 1871ರಲ್ಲಿ ಉತ್ತರ ಭಾರತಕ್ಕೆಂದು ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ಬ್ರಿಟಿಷ್ ಸರ್ಕಾರ 1911ರಲ್ಲಿ ಮುಂಬೈ, ಮದ್ರಾಸ್ ಪ್ರಾಂತಗಳಿಗೂ ಚಾಚಿತು. ಒಬ್ಬನ ಕೃತ್ಯಕ್ಕಲ್ಲ, ಅವನು ಹುಟ್ಟಿದ ಕುಲಕ್ಕೇ ಅಪರಾಧದ ಹಣೆಪಟ್ಟಿ ಬಿತ್ತು. ಕೊರಮರು, ಹರಣಶಿಕಾರಿಗಳು, ಗಂಟಿಚೋರರು, ಕೆಲವೆಡೆ ಲಂಬಾಣಿಗರೂ ಪಟ್ಟಿ ಸೇರಿದರು. ಹೆಸರು ದಾಖಲಾದವರು ಬೆರಳಚ್ಚು ಕೊಡಬೇಕು, ಹಾಜರಿ ಹಾಕಬೇಕು, ಊರು ಬಿಡಲು ಪಾಸು ಪಡೆಯಬೇಕು. ನಿಗದಿತ ಅಪರಾಧಕ್ಕೆ ಎರಡನೇ ಸಲ ಶಿಕ್ಷೆಯಾದರೆ ಸಾಮಾನ್ಯವಾಗಿ ಕನಿಷ್ಠ ಏಳು ವರ್ಷ ಸೆರೆ. ಮೂರನೆಯದಕ್ಕೆ ಜೀವಾವಧಿ ಗಡೀಪಾರು.

ಜೈಲಿಗೆ ಬದಲಿ ದಾರಿಯೊಂದನ್ನು ಹುಡುಕುವ ಯತ್ನವೂ ಇದೇ ಕಾಲದಲ್ಲಿ, ಇದೇ ನೆಲದಲ್ಲಿ ನಡೆಯಿತು. ಒ. ಎಚ್. ಬಿ. ಸ್ಟಾರ್ಟ್ ಎಂಬ ಐಸಿಎಸ್ ಅಧಿಕಾರಿ 1910ರ ಆಸುಪಾಸಿನಲ್ಲಿ ವಿಜಯಪುರದಲ್ಲಿ ಇಂಥ ಕುಟುಂಬಗಳನ್ನು ಒಂದೆಡೆ ನೆಲೆಗೊಳಿಸಿ ದುಡಿಮೆಗೆ ಹಚ್ಚಿದರು. ಮುಂದೆ ಹುಬ್ಬಳ್ಳಿ, ಗದಗ-ಬೆಟಗೇರಿಗಳಲ್ಲೂ ಸೆಟ್ಲಮೆಂಟುಗಳೆಂಬ ಬೇಲಿ ಸುತ್ತಿದ ವಸತಿಗಳು ಎದ್ದವು. ಗಂಡಸರು, ಹೆಂಗಸರು ಗಿರಣಿಗಳಿಗೆ, ರೈಲ್ವೆ ಕಾರ್ಖಾನೆಗೆ ಕೂಲಿಗೆ ಹೋದರು. ಮಕ್ಕಳಿಗೆ ಶಾಲೆ ಸಿಕ್ಕಿತು. ಹೇರೆತ್ತಿನ ವ್ಯಾಪಾರ ಕಸಿದ ರೈಲಿಗೇ ದುಡಿಯುವ ಪಾಳಿ ಬಂದಿತು.

ಸೆರೆಮನೆಯ ಕತ್ತಲಿಗಿಂತ ಅದು ಮೇಲೆಂಬುದು ನಿಜ. ಕೈಕಸುಬು ಕಲಿತವರು, ಓದಿ ನೌಕರಿ ಹಿಡಿದವರು ಆ ಬೇಲಿಯೊಳಗಿಂದಲೇ ಬಂದರು. ಆದರೆ ದಿನದ ಹಾಜರಿ ತಪ್ಪಲಿಲ್ಲ, ರಜೆಯಿಲ್ಲದೆ ನಂಟರ ಮದುವೆಗೂ ಹೋಗುವಂತಿರಲಿಲ್ಲ. ಮಕ್ಕಳನ್ನು ತಂದೆತಾಯಿಯಿಂದ ಬೇರ್ಪಡಿಸಲು ಕಾಯ್ದೆಯೇ ಅವಕಾಶ ಕೊಟ್ಟಿತ್ತು. ಯಾವ ತಪ್ಪೂ ಮಾಡದವರನ್ನು ತಿದ್ದಲು ಹೊರಟದ್ದೇ ಆ ಯೋಜನೆಯ ಮೂಲ ಅನ್ಯಾಯ.

ಈ ಕುಲಗಳಲ್ಲಿ ನ್ಯಾಯದ ಕಲ್ಪನೆ ಇರಲಿಲ್ಲವೆಂದೇನೂ ಅಲ್ಲ. ಯಲಬುರ್ಗಾ, ಕುಷ್ಟಗಿ ಕಡೆಯ ಲಂಬಾಣಿ ತಾಂಡಾಗಳಲ್ಲಿ ನಾಯಕ, ಡಾವ್, ಕಾರಭಾರಿ ಎಂಬ ವ್ಯವಸ್ಥೆಯಿದೆ; ಹಸಾಬಿ-ನಸಾಬಿಗಳೆಂಬ ಹಿರಿಯರು ಕೂತು ಜಗಳ ಬಗೆಹರಿಸುವ ರೂಢಿಯಿದೆ. ನೊಂದವರ ದೂರನ್ನು ಎಲ್ಲರೆದುರು ಕೇಳುವುದು, ತಪ್ಪಿತಸ್ಥನಿಂದ ದಂಡ ಕೊಡಿಸುವುದು, ಕೊನೆಗೆ ಅವನನ್ನು ಮತ್ತೆ ಕುಲದೊಳಗೆ ಸೇರಿಸಿಕೊಳ್ಳುವುದು ಅದರ ನಡೆ. ಇಂಥ ಪಂಚಾಯಿತಿಗಳಲ್ಲಿ ಹೆಂಗಸರ ಮಾತಿಗೆ ಬೆಲೆ ಸಿಕ್ಕಿದ್ದು ಕಡಿಮೆ, ಬಹಿಷ್ಕಾರದ ಕ್ರೌರ್ಯವೂ ಇತ್ತು. ಆ ಕೊರತೆಗಳನ್ನು ತಿದ್ದಿ ಬಳಸಬಹುದಾಗಿದ್ದ ಪದ್ಧತಿಯನ್ನು ಸೆಟ್ಲಮೆಂಟಿನ ಆಡಳಿತ ತನ್ನ ಸುಧಾರಣೆಯ ಬುನಾದಿ ಮಾಡಿಕೊಳ್ಳಲಿಲ್ಲ. ನ್ಯೂಜಿಲೆಂಡ್ 1989ರಲ್ಲಿ ಮಾಡಿದ್ದು ಬಹುಮಟ್ಟಿಗೆ ಅದನ್ನೇ: ತಪ್ಪು ಮಾಡಿದ ಎಳೆಯರು, ಅವರ ಕುಟುಂಬ, ನೊಂದವರು ಒಟ್ಟಿಗೆ ಕೂತು ಪರಿಹಾರ ಹುಡುಕುವ ಕ್ರಮವನ್ನು, ಮಾವೊರಿ ಜನರ ಒತ್ತಾಯಕ್ಕೂ ಕಿವಿಗೊಟ್ಟು, ಕಾನೂನಿಗೆ ತಂದಿತು.

ಭಾರತ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು 1952ರ ಆಗಸ್ಟ್ 31ರಂದು ಕಿತ್ತೊಗೆಯಿತು. ಮರುವರ್ಷವೇ ತುಂಗಭದ್ರೆಯ ಅಣೆಕಟ್ಟು ಸಿದ್ಧವಾಗಿ, ಎಡದಂಡೆ ಕಾಲುವೆಯ ನೀರು ಗಂಗಾವತಿ ಸೀಮೆಯ ಕಪ್ಪು ನೆಲದ ಬದುಕನ್ನು ಬದಲಿಸತೊಡಗಿತು. ಕರಾವಳಿ ಆಂಧ್ರದ ಒಕ್ಕಲು ಮಕ್ಕಳು ಬಂದು ಭೂಮಿ ಕೊಂಡು ಕ್ಯಾಂಪುಗಳನ್ನು ಕಟ್ಟಿದರು. ಶ್ರೀರಾಮನಗರ ಹಾಗೆ ಬೆಳೆದ ಊರು. ಅವರ ಬೆವರಿನಿಂದ ಈ ಸೀಮೆ ಭತ್ತದ ಕಣಜವಾಯಿತು. ಕೈಯಲ್ಲಿ ಹಣವಿದ್ದವರಿಗೆ ಹೊಸ ನೆಲ ಹೊಸ ಬದುಕು ಕೊಟ್ಟಿತು. ಕಾಯ್ದೆ ರದ್ದಾಗಿ ಬೇಲಿಯಿಂದ ಹೊರಬಂದು ವಿಮುಕ್ತರೆನಿಸಿಕೊಂಡವರ ಬಳಿ ಆ ಹಣವಿರಲಿಲ್ಲ. ದಶಕಗಳ ಕಾಲ ಕಳ್ಳರೆಂದು ಕರೆದದ್ದಕ್ಕೆ ಪರಿಹಾರವಾಗಿ ಭೂಮಿ ಕೊಡುವ ಕಾನೂನನ್ನು ಸರ್ಕಾರವೂ ತರಲಿಲ್ಲ. ಬದಲಿಗೆ ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯ್ದೆ ತಂದವು, ಕರ್ನಾಟಕದ್ದು 1961ರದು. ಕುಲದ ಬದಲು ವ್ಯಕ್ತಿಯ ಹೆಸರು ದಾಖಲೆಗೆ ಬಂದಿತಾದರೂ ಠಾಣೆಯ ಕಣ್ಣು ಹಳೆಯ ಕೇರಿಗಳ ಮೇಲೆಯೇ ಉಳಿಯಿತು.

2024ರ ಅಕ್ಟೋಬರ್ 3ರಂದು ಪತ್ರಕರ್ತೆ ಸುಕನ್ಯಾ ಶಾಂತಾ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಜೈಲು ಕೈಪಿಡಿಗಳಲ್ಲಿನ ಜಾತಿ ತಾರತಮ್ಯ ಸಂವಿಧಾನಬಾಹಿರವೆಂದು ಸಾರಿತು. ಕೈದಿಗಳ ದಾಖಲೆಯಿಂದ ಜಾತಿಯ ಕಾಲಂ ತೆಗೆಯಲು ಹೇಳಿತು, ವಿಮುಕ್ತರನ್ನು ಹುಟ್ಟುಗಳ್ಳರೆಂದು ಕಾಣುವ ನಿಯಮಗಳನ್ನು ತಳ್ಳಿಹಾಕಿತು. ಅದೇ ವರ್ಷದ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆ ಕೆಲವು ಸಣ್ಣ ಅಪರಾಧಗಳಿಗೆ ಸಮುದಾಯ ಸೇವೆಯನ್ನು ಶಿಕ್ಷೆಯಾಗಿ ಒಪ್ಪಿದೆ. 1958ರ ಪ್ರೊಬೇಷನ್ ಕಾಯ್ದೆಯಂತೂ ಮೊದಲಿನಿಂದಲೇ ಇದೆ. ಸಣ್ಣ ಕಳವಿಗೆ ಸಿಕ್ಕಿಬಿದ್ದ ವಿಮುಕ್ತ ಕುಟುಂಬದ ಹುಡುಗನಿಗೆ ಈ ಎರಡು ದಾರಿಗಳು ತೆರೆಯಬೇಕಾದರೆ ಮೊದಲ ದಿನವೇ ಅವನ ಪರವಾಗಿ ವಕೀಲರು ನಿಲ್ಲಬೇಕು, ಅವನ ಕೇರಿಯ ಹಿರಿಯರು ಮತ್ತು ಹೆಂಗಸರು ನ್ಯಾಯಾಲಯಕ್ಕೆ ಜಾಮೀನಾಗಬೇಕು, ತಾಲ್ಲೂಕು ಕಾನೂನು ಸೇವಾ ಸಮಿತಿ ತಾಂಡಾ, ಕೊರಮರ ಕೇರಿಗಳವರೆಗೆ ಬರಬೇಕು.