ಲೆಕ್ಕದ ಮಾತ್ರೆಯೂ ಉಣ್ಣದ ಬುತ್ತಿಯೂ

ನಮ್ಮ ಗುಂಪಿನ ಗೆಳೆಯನೊಬ್ಬನಿಗೆ ಇಪ್ಪತ್ತಮೂರನೇ ವಯಸ್ಸಿನಲ್ಲಿ ಡಾಕ್ಟರು ಎಡಿಎಚ್‌ಡಿ ಇದೆ ಎಂದರು. ಅವನನ್ನು ಕೇಳಿ, ಅವನು ಒಪ್ಪಿದ ಮೇಲೆಯೇ ಇದನ್ನು ಬರೆಯುತ್ತಿದ್ದೇವೆ. ಗಮನ ಒಂದು ಕಡೆ ನಿಲ್ಲದಿರುವುದು, ಹಿಡಿದ ಕೆಲಸ ಮುಗಿಯದಿರುವುದು, ಕೂತಲ್ಲಿ ಕೂರಲಾಗದ ಚಡಪಡಿಕೆ, ಇವೆಲ್ಲ ಚಿಕ್ಕಂದಿನಿಂದಲೂ ಇದ್ದವು. ಶಾಲೆಯಲ್ಲಿ ಅವನು ‘ಮಂಗ’, ಮನೆಯಲ್ಲಿ ‘ಸೋಮಾರಿ’.

ಮಾತ್ರೆ ಶುರುವಾದ ಮೇಲೆ ವರದಿಗಳನ್ನು ಹೊತ್ತಿಗೆ ಸರಿಯಾಗಿ ಕೊಡತೊಡಗಿದ. ನಮಗೆಲ್ಲ ಖುಷಿ. ಮೂರು ತಿಂಗಳ ನಂತರ ಊರಿಗೆ ಹೋದಾಗ ಅವನ ಅವ್ವ ಬಾಗಿಲಲ್ಲೇ ಕೇಳಿದರು: “ಯಾಕೋ ಯಪ್ಪಾ, ಇಷ್ಟ್ಯಾಕ ಸೊರಗಿದಿ?”

ಆಗ ವಿಷಯ ಹೊರಬಂತು. ಮಧ್ಯಾಹ್ನ ಅವನಿಗೆ ಹಸಿವೇ ಆಗುತ್ತಿರಲಿಲ್ಲ. ಕಟ್ಟಿಕೊಂಡು ಹೋದ ಬುತ್ತಿ ಹಾಗೇ ವಾಪಸು ಬರುತ್ತಿತ್ತು. ರಾತ್ರಿ ಎರಡಾದರೂ ಕಣ್ಣು ಮುಚ್ಚುತ್ತಿರಲಿಲ್ಲ. ಡಾಕ್ಟರಿಗೆ ಹೇಳಿದರೆ ಮಾತ್ರೆ ನಿಲ್ಲಿಸಿಬಿಡುತ್ತಾರೆ, ಮತ್ತೆ ಹಳೆಯ ‘ಸೋಮಾರಿ’ ಆಗುತ್ತೇನೆ ಎಂಬ ಭಯಕ್ಕೆ ಬಾಯಿ ಬಿಟ್ಟಿರಲಿಲ್ಲ. ಒಂದೇ ರೂಮಿನಲ್ಲಿದ್ದ ನಮಗೂ ಇದು ಕಾಣಲಿಲ್ಲ.

ನಮಗೆ ನಾಚಿಕೆಯಾಯಿತು. ಈ ಮಾತ್ರೆ ಎಲ್ಲಿಂದ ಬಂತು, ಇವನಿಗಿಂತ ಮೊದಲು ನುಂಗಿದವರಿಗೆ ಏನಾಯಿತು ಎಂದು ಓದತೊಡಗಿದೆವು.

ತಲೆನೋವಿಗೆ ಕೊಟ್ಟ ಔಷಧ

ಕಥೆ ಶುರುವಾಗುವುದು ಅಮೆರಿಕದ ರೋಡ್ ಐಲೆಂಡ್ ರಾಜ್ಯದಲ್ಲಿ. ಅಲ್ಲಿ ಬ್ರ್ಯಾಡ್ಲಿ ಎಂಬ ಕುಟುಂಬ ಮಿದುಳಿನ ಕಾಯಿಲೆಯಿಂದ ನರಳಿದ ಮಗಳ ಹೆಸರಿನಲ್ಲಿ, ವರ್ತನೆಯ ತೊಂದರೆಯಿರುವ ಮಕ್ಕಳಿಗಾಗಿ ಒಂದು ಆಸ್ಪತ್ರೆ ಕಟ್ಟಿಸಿತ್ತು. ಅದು ತೆರೆದದ್ದು 1931ರಲ್ಲಿ. ಅದೇ ಕುಟುಂಬದ ಡಾ. ಚಾರ್ಲ್ಸ್ ಬ್ರ್ಯಾಡ್ಲಿ ಅಲ್ಲಿ ವೈದ್ಯರಾಗಿದ್ದರು.

ಆಗ ಸ್ಕ್ಯಾನಿಂಗ್ ಇರಲಿಲ್ಲ. ಮಿದುಳಿನ ಎಕ್ಸ್‌ರೇ ತೆಗೆಯಬೇಕಾದರೆ ಬೆನ್ನಿನಿಂದ ಸೂಜಿ ಚುಚ್ಚಿ, ಬೆನ್ನುಹುರಿಯ ಸುತ್ತಲಿನ ನೀರು ತೆಗೆದು ಗಾಳಿ ತುಂಬುತ್ತಿದ್ದರು. ಮಕ್ಕಳಿಗೆ ವಿಪರೀತ ತಲೆನೋವು ಬರುತ್ತಿತ್ತು. ಆ ನೀರು ಮತ್ತೆ ಬೇಗ ತುಂಬಲಿ ಎಂದು ಬ್ರ್ಯಾಡ್ಲಿ ಬೆಂಜೆಡ್ರಿನ್ ಎಂಬ ಔಷಧ ಕೊಟ್ಟು ನೋಡಿದರು. ಅದು ಆಂಫೆಟಮಿನ್ ಜಾತಿಯದು.

ತಲೆನೋವು ಹೆಚ್ಚೇನೂ ಕಡಿಮೆಯಾಗಲಿಲ್ಲ. ಆದರೆ ಕೆಲವು ಮಕ್ಕಳು ಪಾಠಕ್ಕೆ ಕೂತರು! 1937ರಲ್ಲಿ ಬ್ರ್ಯಾಡ್ಲಿ 30 ಮಕ್ಕಳ ವರದಿ ಪ್ರಕಟಿಸಿದರು. ಒಂದು ವಾರ ಮಾತ್ರೆಯಿಲ್ಲದೆ, ಒಂದು ವಾರ ಮಾತ್ರೆ ಕೊಟ್ಟು, ಮತ್ತೆ ಒಂದು ವಾರ ಮಾತ್ರೆಯಿಲ್ಲದೆ ನೋಡಿದ್ದರು. ಅವರಲ್ಲಿ 14 ಮಕ್ಕಳ ಓದು ಎದ್ದು ಕಾಣುವಷ್ಟು ಸುಧಾರಿಸಿತ್ತು. ಮಕ್ಕಳೇ ಅದಕ್ಕೆ ‘ಲೆಕ್ಕದ ಮಾತ್ರೆ’ ಎಂದು ಹೆಸರಿಟ್ಟರಂತೆ.

ಅಂದರೆ ಈ ಔಷಧದ ಗುಣ ಗೊತ್ತಾದದ್ದೇ ಒಂದು ಅಡ್ಡಪರಿಣಾಮದಿಂದ. ಅದು ಗೊತ್ತಾಗಲು ಕಾರಣ, ಆ ಮಕ್ಕಳ ಸುತ್ತ ಹಗಲು ರಾತ್ರಿ ದಾದಿಯರೂ ಶಿಕ್ಷಕರೂ ಇದ್ದದ್ದು. ಒಳ್ಳೆಯದನ್ನು ಬರೆದಿಟ್ಟವರೇ ಕೆಲವು ಮಕ್ಕಳು ಸಣ್ಣದಕ್ಕೂ ಅಳತೊಡಗಿದ್ದನ್ನೂ ಬರೆದಿಟ್ಟರು.

ಒಬ್ಬರಿಗೆ ಬೇಡದ್ದು, ಇನ್ನೊಬ್ಬರಿಗೆ ಬೇಕಾದದ್ದು

ಅದೇ ಕಾಲದಲ್ಲಿ ಹೊರಗಿನ ಜಗತ್ತು ಆಂಫೆಟಮಿನ್ನನ್ನು ಬೇರೆ ಕಾರಣಕ್ಕೆ ಹುಡುಕುತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ನಿದ್ದೆ ಬರದಿರಲಿ ಎಂದು ಸೈನಿಕರಿಗೆ ಕೊಟ್ಟರು. ಯುದ್ಧ ಮುಗಿದ ಮೇಲೆ, ಹಸಿವು ಸಾಯುತ್ತದೆ, ತೆಳ್ಳಗಾಗಬಹುದು ಎಂದು ಮಾರಿದರು. ನಮ್ಮ ಗೆಳೆಯ ಮುಚ್ಚಿಟ್ಟ ಎರಡು ತೊಂದರೆಗಳೂ ಇವೇ. ಹಸಿವು ಹೋಗುವುದು, ನಿದ್ದೆ ಹಾರುವುದು ಅವನ ದೌರ್ಬಲ್ಯವಲ್ಲ. ಈ ಜಾತಿಯ ಔಷಧದ ಹುಟ್ಟುಗುಣ.

ಅವನು ನುಂಗುವುದು ಇದರ ಹತ್ತಿರದ ಸಂಬಂಧಿ ಮೀಥೈಲ್‌ಫೆನಿಡೇಟ್. ಅದನ್ನು 1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ಲಿಯಾಂಡ್ರೊ ಪನಿಝಾನ್ ತಯಾರಿಸಿದರು. ಅವರ ಹೆಂಡತಿ ಮಾರ್ಗರಿಟ್‌ಗೆ ರಕ್ತದೊತ್ತಡ ಕಡಿಮೆಯಿತ್ತು. ಟೆನಿಸ್ ಆಡುವ ಮೊದಲು ಅದನ್ನು ತೆಗೆದುಕೊಂಡರೆ ಚುರುಕು ಬರುತ್ತಿತ್ತಂತೆ. ಮನೆಯವರು ಕರೆಯುವ ‘ರೀಟಾ’ ಎಂಬ ಹೆಸರಿನಿಂದಲೇ ಅದು ‘ರಿಟಾಲಿನ್’ ಆಯಿತು.

ತಕ್ಕಡಿ ಹೇಳಿದ ಸತ್ಯ

1960ರ ದಶಕದಲ್ಲಿ ಅಮೆರಿಕದ ಶಾಲೆಗಳಲ್ಲಿ ಈ ಮಾತ್ರೆ ಹಬ್ಬಿತು. 1970ರಲ್ಲಿ ಒಮಾಹಾ ಊರಿನ ಶಾಲಾ ಮಕ್ಕಳಿಗೆ ಬೇಕಾಬಿಟ್ಟಿ ಕೊಡುತ್ತಿದ್ದಾರೆ ಎಂದು ಪತ್ರಿಕೆಯಲ್ಲಿ ಸುದ್ದಿ ಬಂದು, ಅದೇ ವರ್ಷ ಅಲ್ಲಿನ ಸಂಸತ್ತಿನಲ್ಲಿ ವಿಚಾರಣೆ ನಡೆಯಿತು. 1972ರಲ್ಲಿ ಡೇನಿಯಲ್ ಸೇಫರ್ ಮತ್ತು ಸಂಗಡಿಗರು ಮಾತ್ರೆ ತಿನ್ನುವ ಮಕ್ಕಳ ತೂಕ, ಎತ್ತರದ ಲೆಕ್ಕ ಹಾಕಿದರು. ಬೆಳವಣಿಗೆ ಕುಂಠಿತವಾಗಿತ್ತು. ಮಾತ್ರೆ ನಿಲ್ಲಿಸಿದಾಗ ಬೆಳವಣಿಗೆ ಮತ್ತೆ ಚುರುಕಾದದ್ದನ್ನೂ ಆಮೇಲೆ ಕಂಡರು. ಯಾವ ದೊಡ್ಡ ಯಂತ್ರವೂ ಬೇಕಾಗಲಿಲ್ಲ. ತೂಕ ನೋಡಿ ಬರೆದಿಡುವವರು ಬೇಕಾಗಿತ್ತು, ಅಷ್ಟೆ.

ದೊಡ್ಡವರನ್ನು ನೋಡುವವರು ಯಾರು?

ಬಹಳ ಕಾಲ ಇದು ಮಕ್ಕಳ ಕಾಯಿಲೆ, ದೊಡ್ಡವರಾದರೆ ತಾನೇ ಹೋಗುತ್ತದೆ ಎಂದೇ ನಂಬಿದ್ದರು. 1976ರಲ್ಲಿ ಯೂಟಾ ರಾಜ್ಯದ ಪಾಲ್ ವೆಂಡರ್ ಮತ್ತು ಜೊತೆಗಾರರು ವಯಸ್ಕರಲ್ಲೂ ಇದು ಉಳಿಯುತ್ತದೆ, ಔಷಧ ಅವರಿಗೂ ಕೆಲಸ ಮಾಡುತ್ತದೆ ಎಂದು ತೋರಿಸಿದರು.

ಹಳೆಯ ಮಾತ್ರೆಯ ಶಕ್ತಿ ನಾಲ್ಕು ತಾಸಿಗೆ ಮುಗಿಯುತ್ತಿತ್ತು. 2000ದಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಹೊಸ ಬಗೆಯ ಮಾತ್ರೆಗೆ ಲೇಸರ್‌ನಿಂದ ಸಣ್ಣ ತೂತು ಕೊರೆದಿರುತ್ತದೆ. ಔಷಧ ಅದರಿಂದ ದಿನವಿಡೀ ನಿಧಾನವಾಗಿ ಹೊರಬರುತ್ತದೆ. ಅನುಕೂಲವೇ, ಆದರೆ ತಡವಾಗಿ ನುಂಗಿದರೆ ರಾತ್ರಿಯ ನಿದ್ದೆಗೆ ಕುತ್ತು. 2002ರಲ್ಲಿ ಬೇರೆ ಜಾತಿಯ ಆಟೊಮಾಕ್ಸೆಟಿನ್ ಬಂತು. ಅದಕ್ಕೆ ಹೊಟ್ಟೆ ತೊಳಸುವ ತೊಂದರೆ ಜಾಸ್ತಿ.

ಹೃದಯದ ಪ್ರಶ್ನೆಯೂ ಎದ್ದಿತು. ಈ ಮಾತ್ರೆ ತೆಗೆದುಕೊಳ್ಳುವ ಸುಮಾರು ಒಂದೂವರೆ ಲಕ್ಷ ವಯಸ್ಕರ ಅಧ್ಯಯನ 2011ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಹೃದಯಾಘಾತದಂಥ ಅಪಾಯ ಅವರಲ್ಲಿ ಹೆಚ್ಚಾದದ್ದು ಕಾಣಲಿಲ್ಲ. 2023ರಲ್ಲಿ ಬಂದ ಸ್ವೀಡನ್ನಿನ ಅಧ್ಯಯನ, ವರ್ಷಗಟ್ಟಲೆ ತೆಗೆದುಕೊಳ್ಳುವವರಲ್ಲಿ ಬಿಪಿ ಮತ್ತು ರಕ್ತನಾಳದ ತೊಂದರೆ ಹೆಚ್ಚು ಎಂದಿತು. ಹೆದರಿ ಓಡುವುದು ಬೇಡ, ಬಿಪಿ ನೋಡಿಸುತ್ತಿರಬೇಕು ಎಂದು ಇದರ ಅರ್ಥ.

ಇಷ್ಟು ಓದಿದ ಮೇಲೆ ನಮಗೆ ಒಂದು ವಿಷಯ ಹೊಳೆಯಿತು. ಬ್ರ್ಯಾಡ್ಲಿಯ ಮಕ್ಕಳಿಗೆ ದಾದಿಯರಿದ್ದರು. ಶಾಲೆಯ ಮಕ್ಕಳಿಗೆ ತಾಯಿ, ಟೀಚರು ಇದ್ದರು. ಇಪ್ಪತ್ತಮೂರರ ಹುಡುಗ ಪಟ್ಟಣದ ಬಾಡಿಗೆ ರೂಮಿನಲ್ಲಿ ಬುತ್ತಿಯನ್ನು ಹಾಗೇ ವಾಪಸು ತಂದರೆ ಅದನ್ನು ನೋಡುವವರು ಯಾರು? ವಯಸ್ಸಿಗೆ ಬಂದವರ ನಿಜವಾದ ಕಷ್ಟ ಇದು.

ಈಗ ಅವನು ಏನು ಮಾಡುತ್ತಾನೆ

ಅವ್ವನ ಒತ್ತಾಯಕ್ಕೆ ಅವನು ಡಾಕ್ಟರಿಗೆ ಎಲ್ಲ ಹೇಳಿದ. ಅವರು ಮಾತ್ರೆ ನಿಲ್ಲಿಸಲಿಲ್ಲ. ಪ್ರಮಾಣ ತುಸು ಇಳಿಸಿ, ನುಂಗುವ ಹೊತ್ತು ಬದಲಿಸಿದರು. ಈಗ ಬೆಳಿಗ್ಗೆ ಏಳಕ್ಕೆ ಮೊದಲು ರೊಟ್ಟಿ ಪಲ್ಯ, ಆಮೇಲೆ ಮಾತ್ರೆ. ಮಧ್ಯಾಹ್ನ ಹಸಿವಿಲ್ಲದಿದ್ದರೂ ಬಾಳೆಹಣ್ಣು, ಶೇಂಗಾ, ಮಜ್ಜಿಗೆ. ಸಂಜೆ ಮಾತ್ರೆಯ ಶಕ್ತಿ ಇಳಿದಾಗ ಹಸಿವು ಬರುತ್ತದೆ, ಆಗ ಹೊಟ್ಟೆ ತುಂಬ ಊಟ. ಆ ಹೊತ್ತಿನಲ್ಲೇ ಸಿಡುಕೂ ಬರುತ್ತದೆ. ಅದು ನಮಗೆ ಗೊತ್ತಿರುವುದರಿಂದ ಜಗಳಕ್ಕೆ ಹೋಗುವುದಿಲ್ಲ. ಮಧ್ಯಾಹ್ನದ ಮೇಲೆ ಚಹಾ ಬಿಟ್ಟಿದ್ದಾನೆ. ತಿಂಗಳಿಗೊಮ್ಮೆ ಒಂದೇ ತಕ್ಕಡಿಯಲ್ಲಿ ತೂಕ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ನಾಡಿ. ಎಲ್ಲ ಕ್ಯಾಲೆಂಡರಿನ ಮೇಲೆ ಬರೆಯುತ್ತಾನೆ. ಡಾಕ್ಟರಿಗೆ ಅದರ ಫೋಟೊ ತೋರಿಸುತ್ತಾನೆ.

ಇದು ಒಬ್ಬನ ಅನುಭವ. ನಿಮ್ಮ ಪ್ರಮಾಣ ನಿಮ್ಮ ಡಾಕ್ಟರೇ ಹೇಳಬೇಕು. ನೀವಾಗಿಯೇ ಮಾತ್ರೆ ಏರಿಸಬೇಡಿ, ನಿಲ್ಲಿಸಬೇಡಿ. ಎದೆನೋವು, ತಲೆಸುತ್ತಿ ಬೀಳುವುದು, ಬದುಕೇ ಬೇಡ ಎನಿಸುವುದು, ಇಂಥದ್ದೇನಾದರೂ ಆದರೆ ಮುಂದಿನ ತಾರೀಖಿಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿ. ಪರೀಕ್ಷೆಗೆಂದು ಗೆಳೆಯರು ಕೇಳಿದರೂ ಮೀಥೈಲ್‌ಫೆನಿಡೇಟ್ ಹಂಚಬೇಡಿ. ನಮ್ಮಲ್ಲಿ ಅದು 1985ರ ಮಾದಕ ವಸ್ತು ಕಾಯ್ದೆಯ ಕೆಳಗೆ ಬರುತ್ತದೆ.

ಡಾಕ್ಟರು ದೂರ ಎನ್ನುವವರಿಗೆ ಒಂದು ಮಾತು. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಹಳ್ಳಿ ಮಟ್ಟದ ಮನೋವೈದ್ಯ ಸೇವೆ ಮಾಡಿ ತೋರಿಸಿತು. ಅದೇ ಮಾದರಿಯಲ್ಲಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ. 2022ರಿಂದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಅವನ ಅವ್ವ ಈಗ ದಿನಾ ಸಂಜೆ ಫೋನು ಮಾಡಿ “ಉಂಡ್ಯಾ?” ಎನ್ನುತ್ತಾರೆ. ಮೊದಲೂ ಕೇಳುತ್ತಿದ್ದರು, ಅವನು “ಹೂಂ” ಎಂದು ಇಟ್ಟುಬಿಡುತ್ತಿದ್ದ. ಈಗ ಏನು ಉಂಡೆ, ಎಷ್ಟು ಉಂಡೆ ಎಂದು ಹೇಳುತ್ತಾನೆ. ಹೋದ ತಿಂಗಳು ತೂಕ ಎರಡು ಕೆ.ಜಿ. ಏರಿದೆ.