ಬಿಸಿಗೆ ಆರುವ ಕಿಡಿ

ಹಳೆಯ ಮೋಟಾರು ಸೈಕಲ್ಲುಗಳಿಗೆ ವಿಲಕ್ಷಣವಾದ ಒಂದು ರೋಗವುಂಟು. ಬೆಳಗಿನ ತಂಪಿನಲ್ಲಿ ಬೆಂಗಳೂರನ್ನು ಬಿಡುವಾಗ ಒಂದೇ ಒದೆತಕ್ಕೆ ಯಂತ್ರವು ಎಚ್ಚರಗೊಳ್ಳುವುದು. ಕೆಂಗೇರಿ, ಬಿಡದಿಗಳನ್ನು ನಿರಾತಂಕವಾಗಿ ದಾಟುವುದು. ರಾಮನಗರದ ಬಂಡೆಗಳು ಕಣ್ಣಿಗೆ ಬೀಳುವ ಹೊತ್ತಿಗೆ ಎರಡು ಸಲ ಕೆಮ್ಮಿ ನಿಂತೇಬಿಡುವುದು. ಸವಾರನು ಮರದ ನೆರಳಿನಲ್ಲಿ ಅರ್ಧ ಗಂಟೆ ಕುಳಿತೆದ್ದು ಒದ್ದರೆ, ಏನೂ ಆಗಲೇ ಇಲ್ಲವೆಂಬಂತೆ ಹೊರಡುವುದು. ಚನ್ನಪಟ್ಟಣದ ಬಳಿ ಮತ್ತೆ ಅದೇ ಕಥೆ. ಇಂತಹ ಸಂದರ್ಭದಲ್ಲಿ ಹೆಚ್ಚಿನವರು ಪೆಟ್ರೋಲನ್ನೂ ಕಾರ್ಬ್ಯುರೇಟರನ್ನೂ ದೂರುವರು. ದೋಷವು ಬಹುಮಟ್ಟಿಗೆ ಬೇರೆ ಕಡೆ ಇರುವುದೆಂದು ನಮ್ಮ ಅಭಿಪ್ರಾಯ. ಅದೆಲ್ಲಿ ಎಂಬುದನ್ನು ತಿಳಿಯಬೇಕಾದರೆ ಕಿಡಿಯ ಚರಿತ್ರೆಯನ್ನು ಸ್ವಲ್ಪ ನೋಡಬೇಕು.

ಎಂಜಿನ್ನಿನೊಳಗಿನ ಪೆಟ್ರೋಲು ಆವಿಯನ್ನು ಹೊತ್ತಿಸಲು ಮೊದಮೊದಲು ಕಾಯಿಸಿದ ಕೊಳವೆಯನ್ನು ಬಳಸುತ್ತಿದ್ದುದುಂಟು. 1902ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ರಾಬರ್ಟ್ ಬಾಷ್‌ನ ಕಾರ್ಖಾನೆಯಲ್ಲಿ ಗಾಟ್ಲೋಬ್ ಹೊನೊಲ್ಡ್ ಎಂಬ ಎಂಜಿನಿಯರನು ಅಧಿಕ ವೋಲ್ಟಿನ ಮ್ಯಾಗ್ನೆಟೊವನ್ನು ರೂಪಿಸಿದನು. ಬ್ಯಾಟರಿಯ ಹಂಗಿಲ್ಲದೆ, ಎಂಜಿನ್ನಿನ ತಿರುಗುವಿಕೆಯಿಂದಲೇ ಕಿಡಿಯನ್ನು ಹುಟ್ಟಿಸುವ ಈ ಸಾಧನವು ಲೋಕವನ್ನೆಲ್ಲ ವ್ಯಾಪಿಸಿತು. 1914ರಲ್ಲಿ ಮಹಾಯುದ್ಧವು ಆರಂಭವಾದಾಗ, ಬ್ರಿಟಿಷರು ತಮ್ಮ ವಾಹನಗಳ ಕಿಡಿಗಾಗಿ ಶತ್ರುದೇಶದ ಕಾರ್ಖಾನೆಯನ್ನೇ ಬಹುವಾಗಿ ನೆಚ್ಚಿದ್ದರೆಂಬುದು ಅವರಿಗೆ ಹೊಳೆಯಿತಂತೆ! ಆಮೇಲೆ ಅವರು ಸ್ವಂತ ಮ್ಯಾಗ್ನೆಟೊಗಳ ತಯಾರಿಕೆಯನ್ನು ಬೆಳೆಸಿದರು. ಎರಡನೆಯ ಮಹಾಯುದ್ಧದಲ್ಲಿ ಬಿ.ಎಸ್.ಎ. ಸಂಸ್ಥೆಯು ಸೈನ್ಯಕ್ಕೆ 1,20,000ಕ್ಕೂ ಹೆಚ್ಚು ಮೋಟಾರು ಸೈಕಲ್ಲುಗಳನ್ನು ಒದಗಿಸಿತು. ಅವುಗಳಲ್ಲಿ ಬಹುಪಾಲು ಎಂ-20 ಎಂಬ 496 ಸಿ.ಸಿ.ಯ ವಾಹನ, ಅದಕ್ಕೆ ಕಿಡಿಯನ್ನು ಕೊಟ್ಟದ್ದು ಲ್ಯೂಕಾಸ್ ಮ್ಯಾಗ್ನೆಟೊ. ರಾಮನಗರದ ಬೆಟ್ಟಗಳ ನಡುವೆ 1973ರಲ್ಲಿ ಚಿತ್ರೀಕರಣವನ್ನು ಆರಂಭಿಸಿ 1975ರಲ್ಲಿ ತೆರೆಕಂಡ ‘ಶೋಲೆ’ಯಲ್ಲಿ ಗೆಳೆಯರಿಬ್ಬರನ್ನು ಹೊತ್ತು ಹಾಡಿನುದ್ದಕ್ಕೂ ಓಡಿದ ಪಕ್ಕಗಾಡಿಯ ವಾಹನವೂ ಈ ವಂಶದ್ದೇ. ಹಾಡು ಮುಗಿಯುವವರೆಗೆ ಅದು ನಿಲ್ಲಲಿಲ್ಲ. ಆದರೆ ಅದರ ಒಡಹುಟ್ಟಿದವೆಲ್ಲ ಅಷ್ಟು ವಿಧೇಯವಲ್ಲ.

ಮ್ಯಾಗ್ನೆಟೊವಿನ ಒಳಗೆ ಎರಡು ಸುರುಳಿಗಳಿರುತ್ತವೆ: ದಪ್ಪ ತಂತಿಯ ಕೆಲವೇ ಸುತ್ತುಗಳದೊಂದು, ಕೂದಲಿನಷ್ಟು ತೆಳುವಾದ ತಂತಿಯ ಸಾವಿರಾರು ಸುತ್ತುಗಳ ಮತ್ತೊಂದು. ಇವು ಅಯಸ್ಕಾಂತದ ನಡುವೆ ತಿರುಗುವಾಗ ಮೊದಲನೆಯದರಲ್ಲಿ ಪ್ರವಾಹವು ಹುಟ್ಟುವುದು. ಆ ಕ್ಷಣದಲ್ಲಿ ‘ಪಾಯಿಂಟು’ಗಳು ತೆರೆದು ಅದನ್ನು ಕಡಿದೊಡನೆ ಎರಡನೆಯದರಲ್ಲಿ ಸಾವಿರಾರು ವೋಲ್ಟುಗಳು ಚಿಮ್ಮಿ ಪ್ಲಗ್ಗಿನಲ್ಲಿ ಕಿಡಿಯಾಗುವುವು. ಪಾಯಿಂಟುಗಳು ತೆರೆಯಬೇಕಾದ ಅಂತರವು ಎಂ-20ಕ್ಕೆ ಒಂದಂಗುಲದ ಸಾವಿರದಲ್ಲಿ 12 ಭಾಗ ಮಾತ್ರ. ಪಾಯಿಂಟುಗಳ ಬಾಯಿಯಲ್ಲೇ ಶಕ್ತಿಯು ಸುಟ್ಟುಹೋಗದಂತೆ ತಡೆಯಲು ಕಂಡೆನ್ಸರ್ ಎಂಬ ಪುಟ್ಟ ಅಂಗವುಂಟು. ಲೋಹದ ಭಾಗಗಳು ಎಂಬತ್ತು ವರ್ಷವಾದರೂ ಬಾಳುವುವು. ಬಾಳದಿರುವುದು ಸುತ್ತು ಸುತ್ತನ್ನು ಸೋಕದಂತೆ ಕಾಯುವ ಹೊದಿಕೆ.

ಆ ಹೊದಿಕೆಯು ಯಾವುದರಿಂದಾದುದು? ಹಿಂದಿನ ವಿದ್ಯುತ್ ಸುರುಳಿಗಳಲ್ಲಿ ತೆಳು ತಂತಿಗೆ ರೇಷ್ಮೆಯನ್ನು ಸುತ್ತುತ್ತಿದ್ದುದುಂಟು. ಮೇಲೆ ಅರಗನ್ನು ಬಳಿಯುತ್ತಿದ್ದರು. ರೇಷ್ಮೆಗೂಡಿನ ಮಾರುಕಟ್ಟೆಯಿರುವ ರಾಮನಗರಕ್ಕೂ ಅರಗಿನ ಬೊಂಬೆಗಳ ಚನ್ನಪಟ್ಟಣಕ್ಕೂ ಈ ಎರಡು ವಸ್ತುಗಳ ಪರಿಚಯವನ್ನು ಮಾಡಿಕೊಡಬೇಕಾಗಿಲ್ಲ. ಚನ್ನಪಟ್ಟಣದ ಕುಶಲಿಯು ಗರಗರನೆ ತಿರುಗುವ ಹಾಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುವನು. ಉಜ್ಜಿದ ಬಿಸಿಗೇ ಅರಗು ಮೆತ್ತಗಾಗಿ ಮರವನ್ನು ಆವರಿಸುವುದು. ಬೊಂಬೆಗೆ ವರವಾದ ಈ ಗುಣವೇ ಮ್ಯಾಗ್ನೆಟೊವಿಗೆ ಶಾಪ. ಎಂಜಿನ್ನಿನ ಬಿಸಿಯು ಏರಿದಂತೆ ಹಳೆಯ ಅರಗು ಮೆತ್ತಗಾಗುವುದು, ಜೀರ್ಣಿಸಿದ ಕಂಡೆನ್ಸರ್ ಸೋರುವುದು, ಕಿಡಿಯು ಕ್ಷೀಣಿಸುವುದು. ತಣಿದೊಡನೆ ಎಲ್ಲವೂ ಮೊದಲಿನಂತೆ. ಆದುದರಿಂದಲೇ ಗ್ಯಾರೇಜಿನಲ್ಲಿ ತಣ್ಣಗಿರುವಾಗ ಪರೀಕ್ಷಿಸಿದ ಮೆಕ್ಯಾನಿಕ್ಕನು ದೋಷವಿಲ್ಲವೆಂದು ಪ್ರಾಮಾಣಿಕವಾಗಿಯೇ ಹೇಳುವನು.

ಮೈಸೂರಿನಲ್ಲಿ 1961ರಿಂದ 1996ರವರೆಗೆ ನಡೆದ ಐಡಿಯಲ್ ಜಾವಾ ಕಾರ್ಖಾನೆಯ ವಾಹನಗಳ ಸಂಗತಿಯು ಸ್ವಲ್ಪ ಬೇರೆ. ಹಳೆಯ ಜಾವಾದಲ್ಲಿ ಮ್ಯಾಗ್ನೆಟೊ ಇಲ್ಲ. 6 ವೋಲ್ಟಿನ ಬ್ಯಾಟರಿಯೂ ಕಾಯಿಲ್ಲೂ ಉಂಟು. ಒದೆತವು ನಿಧಾನವಾದರೂ ಕಿಡಿ ಬಲವಾಗಿರುವುದು ಇದರ ಲಾಭ. ಬ್ಯಾಟರಿಯ ತಂತಿ ಸಡಿಲಿದರೆ ಎಲ್ಲವೂ ನಿಲ್ಲುವುದು ಇದರ ನಷ್ಟ. ಹಾರನ್ನು ಸಹ ಮೂಕವಾದರೆ ಮೊದಲು ಅಲ್ಲಿ ನೋಡತಕ್ಕದ್ದು. ಪೆಟ್ರೋಲಿನಲ್ಲಿ ಎಣ್ಣೆಯನ್ನು ಬೆರೆಸಿ ಓಡಿಸುವ ಈ ಎಂಜಿನ್ನಿನಲ್ಲಿ ಕೂದಲೆಳೆಯಂತಹ ಮಸಿಯೊಂದು ಪ್ಲಗ್ಗಿನ ಬಾಯನ್ನು ಮುಚ್ಚುವುದೂ ಉಂಟು. ಪ್ಲಗ್ಗನ್ನು ಒರಸಿದರೆ ಅದು ತೀರಿತು. ಆದರೆ ಕಾಯಿಲ್ಲೂ ಕಂಡೆನ್ಸರೂ ಬಿಸಿಗೆ ಸೋಲುವ ರೋಗ ಮಾತ್ರ ಎರಡು ವಂಶಗಳಿಗೂ ಸಮಾನ.

ಹಾಗಾದರೆ ಸವಾರನು ಮಾಡತಕ್ಕದ್ದೇನು? ಯಂತ್ರವು ನಿಂತ ಕ್ಷಣದಲ್ಲಿ, ಬಿಸಿ ಆರುವ ಮೊದಲೇ, ಪರೀಕ್ಷಿಸಬೇಕು. ಮೊದಲು ಟ್ಯಾಂಕಿನ ಮುಚ್ಚಳವನ್ನು ತೆರೆದು ನೋಡಲಿ. ಗಾಳಿಯು ಸುಯ್ಯೆಂದು ಒಳಗೆ ನುಗ್ಗಿದರೆ ಮುಚ್ಚಳದ ರಂಧ್ರವು ಕಟ್ಟಿಕೊಂಡಿದೆ, ಕಿಡಿಯ ಮೇಲೆ ಅಪವಾದ ಬೇಡ. ಅದನ್ನು ಮತ್ತೆ ಭದ್ರವಾಗಿ ಮುಚ್ಚಿದ ಮೇಲೆ ಪ್ಲಗ್ಗನ್ನು ಬಿಚ್ಚಿ, ತಂತಿಯನ್ನು ಸಿಕ್ಕಿಸಿ, ಅದರ ಲೋಹದ ಮೈಯನ್ನು ಸಿಲಿಂಡರಿಗೆ ತಾಗಿಸಿ ಒದೆಯಬೇಕು. ಪ್ಲಗ್ಗಿನ ರಂಧ್ರದಿಂದ ಪೆಟ್ರೋಲು ಆವಿಯು ಹೊರಡುವುದರಿಂದ ಕಿಡಿಯನ್ನು ಅದರಿಂದ ದೂರವಿಡುವುದು ಅತ್ಯವಶ್ಯ. ನೀಲಿಯಾಗಿ ಚಟಚಟನೆ ಹಾರಿದರೆ ಪೆಟ್ರೋಲಿನ ಕಡೆ ಹುಡುಕಬಹುದು. ಹಳದಿಯಾಗಿ ಸೊರಗಿದ್ದರೆ, ಅಥವಾ ಇಲ್ಲವೇ ಇಲ್ಲದಿದ್ದರೆ, ಕಳ್ಳನು ಸಿಕ್ಕಿದನು. ಪಾಯಿಂಟುಗಳ ನಡುವೆ ಜೋರಾಗಿ ಕಿಡಿ ಹಾರುತ್ತಿದ್ದರೆ ಕಂಡೆನ್ಸರಿನ ಮೇಲೆ ಸಂಶಯವು ಬಲವಾಗುವುದು.

ಇಲ್ಲಿ ಒಂದು ಸೂಕ್ಷ್ಮವುಂಟು. ಬಯಲಿನ ಗಾಳಿಯಲ್ಲಿ ಹಾರುವ ಕಿಡಿಯು ಸಿಲಿಂಡರಿನೊಳಗಿನ ಒತ್ತಡದಲ್ಲಿ ಹಾರದಿರಬಹುದು. ಕನಕಪುರದ ಕಡೆಯ ಸಮತಟ್ಟಾದ ದಾರಿಯಲ್ಲಿ ಸುಮ್ಮನಿದ್ದ ಯಂತ್ರವು ಮಾಗಡಿಯ ಕಡೆಯ ಏರಿನಲ್ಲಿ ಇಬ್ಬರನ್ನು ಹೊತ್ತಾಗ ತಡವರಿಸುವುದು ಇದಕ್ಕಾಗಿಯೇ. ಸುಮಾರು 5 ಮಿಲಿಮೀಟರಿನ ಅಂತರವನ್ನು ದಾಟಬಲ್ಲ ಕಿಡಿಯನ್ನೇ ನಂಬತಕ್ಕದ್ದು.

ಈಚೆಗೆ ಮ್ಯಾಗ್ನೆಟೊವನ್ನೇ ಕಿತ್ತು ಎಲೆಕ್ಟ್ರಾನಿಕ್ ಉಪಕರಣವನ್ನು ಕೂಡಿಸುವವರು ಹೆಚ್ಚುತ್ತಿದ್ದಾರೆ. ದಿನವೂ ಕಚೇರಿಗೆ ಹೋಗುವವರಿಗೆ ಅದು ಅನುಕೂಲವೆಂಬುದನ್ನು ನಾವು ಅಲ್ಲಗಳೆಯೆವು. ಆದರೆ ಒಂದು ಹೊಸ ಕಂಡೆನ್ಸರಿನಿಂದಲೂ ಹೊಸದಾಗಿ ಸುತ್ತಿಸಿದ ಸುರುಳಿಯಿಂದಲೂ ಗುಣವಾಗುವ ರೋಗಕ್ಕೆ ಅಂಗವನ್ನೇ ಕತ್ತರಿಸುವುದೇಕೆ? ಈಗಿನ ಸುರುಳಿಗಳಿಗೆ ಬಳಿಯುವುದು ಅರಗನ್ನಲ್ಲ, ಬಿಸಿಗೆ ಕರಗದ ರಾಳವನ್ನು. 2023ರ ಆಗಸ್ಟ್ 1ರಿಂದ ಹೊಸ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯಪಥದಲ್ಲಿ ಮೋಟಾರು ಸೈಕಲ್ಲುಗಳಿಗೆ ಪ್ರವೇಶವನ್ನು ನಿಷೇಧಿಸಿದರು. ಹೀಗೆ ರಿಪೇರಿಯಾದ ಯಂತ್ರವನ್ನು ಊರುಗಳ ನಡುವೆ ಹಾದುಹೋಗುವ ಹಳೆಯ ದಾರಿಯಲ್ಲಿ, ನಡುಹಗಲಿನ ಬಿಸಿಲಿನಲ್ಲಿ, ಚನ್ನಪಟ್ಟಣದವರೆಗೆ ನಿಲ್ಲಿಸದೆ ಓಡಿಸಿ ಪರೀಕ್ಷಿಸಬಹುದು.